ಗುಮಟಾಪುರದ ‘ಇಲ್ಲೇ’, ಇಂಗ್ಲಿಷಿನ ‘ಓನ್ಲಿ’

ದೀಪಾವಳಿ ಕಳೆಯುವ ಹೊತ್ತಿಗೆ ತಾಳವಾಡಿ ಬೆಟ್ಟಸೀಮೆಯ ಗುಮಟಾಪುರದಲ್ಲಿ ಗೊರೆ ಹಬ್ಬ. ದನಕರುಗಳಿರುವ ಮನೆಗಳಿಂದ ಸಗಣಿ ತಂದು ಬೀರೇಶ್ವರನ ಗುಡಿಯ ಬಳಿ ಗುಡ್ಡೆ ಹಾಕುತ್ತಾರೆ. ಪೂಜೆಯಾದ ಮೇಲೆ ಗಂಡಸರೂ ಹುಡುಗರೂ ಅದನ್ನೇ ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆದಾಡುತ್ತಾರೆ. ನೋಡುವುದಕ್ಕೆ ಚಾಮರಾಜನಗರದ ಕಡೆಯಿಂದ ಜನ ಬರುತ್ತಾರೆ. ಈಚಿನ ವರ್ಷಗಳಲ್ಲಿ ಕ್ಯಾಮರಾ ಹಿಡಿದ ದೂರದೂರಿನವರೂ ಬರತೊಡಗಿದ್ದಾರೆ. ಅಂಥವರಲ್ಲೊಬ್ಬರು ಅಲ್ಲಿಯ ಹುಡುಗನೊಬ್ಬನನ್ನು ಹಿಡಿದು ‘ನಿನ್ನ ಊರು ಯಾವುದು?’ ಎಂದು ಇಂಗ್ಲಿಷಿನಲ್ಲಿ ಕೇಳಿದರೆಂದು ಇಟ್ಟುಕೊಳ್ಳೋಣ. ನಾಲ್ಕಕ್ಷರ ಇಂಗ್ಲಿಷ್ ಬಲ್ಲ ಹುಡುಗ ಕೊಡುವ ಉತ್ತರ ಒಂದೇ: ‘ಹಿಯರ್ ಓನ್ಲಿ, ಸಾರ್.’

ಇಂಗ್ಲಿಷನ್ನು ಕ್ರಮವಾಗಿ ಕಲಿತವರಿಗೆ ಇದನ್ನು ಕೇಳಿ ನಗು ಬರುತ್ತದೆ. ‘ಓನ್ಲಿ’ ಎಂದರೆ ‘ಮಾತ್ರ’. ಹಾಗಾದರೆ ‘ಇಲ್ಲಿ ಮಾತ್ರ, ಬೇರೆಲ್ಲೂ ಅಲ್ಲ’ ಎಂದಂತಾಯಿತು. ಒಬ್ಬನಿಗೆ ಹತ್ತು ಊರು ಎಲ್ಲಾದರೂ ಇರುತ್ತದೆಯೇ? ಆದರೆ ಹುಡುಗ ಹೇಳಿದ್ದು ‘ಮಾತ್ರ’ ಅಲ್ಲ. ಅವನು ಹೇಳಿದ್ದು ‘ಇಲ್ಲೇ, ಸಾರ್’ ಎಂದು. ಅದೇ ಹುಡುಗ ತಮಿಳಿನಲ್ಲಿ ‘ಇಂಗೇದಾನ್’ ಎನ್ನುತ್ತಿದ್ದ. ನಮ್ಮ ಕಾಸರಗೋಡಿನವನಾಗಿದ್ದರೆ ಮಲಯಾಳದಲ್ಲಿ ‘ಇವಿಡೆತ್ತನ್ನೆ’ ಎನ್ನುತ್ತಿದ್ದ, ಕೊಂಕಣಿಯಲ್ಲಿ ‘ಹಾಂಗಾಚಿ’ ಎನ್ನುತ್ತಿದ್ದ. ಕನ್ನಡದ ‘ಏ’, ತಮಿಳಿನ ‘ದಾನ್’, ಮಲಯಾಳದ ‘ತನ್ನೆ’, ಕೊಂಕಣಿಯ ‘ಚಿ’, ಹಿಂದಿಯ ‘ಹೀ’ ಇವೆಲ್ಲ ಇಂಗ್ಲಿಷಿನ ಹೊಸಿಲು ದಾಟುವಾಗ ತೊಡುವುದು ‘ಓನ್ಲಿ’ ಎಂಬ ಒಂದೇ ಅಂಗಿ. ಅದನ್ನು ಬರಿಯ ತಪ್ಪೆಂದು ತಳ್ಳಿಹಾಕುವ ಮೊದಲು ಈ ಪುಟ್ಟ ಕ್ರಿಯಾವಿಶೇಷಣದ ಚರಿತ್ರೆಯನ್ನು ಸ್ವಲ್ಪ ನೋಡುವುದು ಒಳ್ಳೆಯದು. ಗಡಿನಾಡಿನ ನಮ್ಮಂಥವರ ಬದುಕಿನಲ್ಲಿ ಈ ಪದ ಮಾಡಿರುವ ಕೆಲಸ ಸಣ್ಣದಲ್ಲ.

‘ಓನ್ಲಿ’ ಹುಟ್ಟಿದ್ದು ‘ಒಂದು’ ಎಂಬ ಅರ್ಥದ ಪದದಿಂದ. ಹಳೆಯ ಇಂಗ್ಲಿಷಿನಲ್ಲಿ ಅದರ ರೂಪ ‘ಆನ್‌ಲಿಕ್’. ‘ಒಂದರಂತಿರುವ’ ಎಂಬುದು ಅದರ ಮೂಲಾರ್ಥ. ನಮ್ಮ ‘ಒಂದೇ’ ಎಂಬ ಮಾತು ಹುಟ್ಟಿದ ಬಗೆಯೂ ಬಹಳ ಬೇರೆಯಲ್ಲ: ‘ಒಂದು’ವಿಗೆ ‘ಏ’ ಸೇರಿದರೆ ‘ಒಂದೇ’. ಆದರೆ ಇಂಗ್ಲಿಷಿನಲ್ಲಿ ಈ ಪದಕ್ಕೆ ಒಂದು ತೊಂದರೆಯಿದೆ. ಅದು ಬಿಡಿಪದ, ವಾಕ್ಯದಲ್ಲಿ ಎಲ್ಲಿ ಬೇಕಾದರೂ ಹೋಗಿ ನಿಲ್ಲುತ್ತದೆ. ‘ಮೇಷ್ಟ್ರು ತಾಳವಾಡಿಯಲ್ಲಿ ಕನ್ನಡ ಕಲಿಸಿದರು’ ಎಂಬ ಮಾತನ್ನು ಇಂಗ್ಲಿಷಿಗೆ ತಂದು ಕ್ರಿಯಾಪದದ ಮುಂದೆ ಒಂದು ‘ಓನ್ಲಿ’ ಇಟ್ಟುನೋಡಿ. ತಾಳವಾಡಿಯಲ್ಲಿ ಮಾತ್ರ ಕಲಿಸಿದರೇ, ಕನ್ನಡ ಮಾತ್ರ ಕಲಿಸಿದರೇ, ಇಲ್ಲವೇ ಕಲಿಸಿದರಷ್ಟೆ, ಬೇರೇನೂ ಮಾಡಲಿಲ್ಲವೇ? ಓದುವವರು ಊಹಿಸಬೇಕು, ಆಡುವವರಾದರೆ ದನಿಯ ಒತ್ತಿನಿಂದ ತಿಳಿಸಬೇಕು.

ಈ ತೊಡಕು ಇಂಗ್ಲಿಷಿನವರನ್ನೂ ಬಹುಕಾಲ ಕಾಡಿದೆ. 1762ರಲ್ಲಿ ಇಂಗ್ಲಿಷ್ ವ್ಯಾಕರಣ ಬರೆದ ರಾಬರ್ಟ್ ಲೌತ್ ಕ್ರಿಯಾವಿಶೇಷಣವು ತಾನು ವಿಶೇಷಿಸುವ ಪದದ ಹತ್ತಿರವೇ ಇರಬೇಕೆಂದು ಹೇಳಿದರು. ಶಾಲೆಯ ಮೇಷ್ಟ್ರುಗಳು ಅದನ್ನು ಬೆತ್ತದಂತೆ ಹಿಡಿದುಕೊಂಡರು. ಕೊನೆಗೆ 1926ರಲ್ಲಿ ಎಚ್. ಡಬ್ಲ್ಯು. ಫೌಲರ್ ತಮ್ಮ ಇಂಗ್ಲಿಷ್ ಬಳಕೆಯ ಕೋಶದಲ್ಲಿ, ಅರ್ಥ ಕೆಡದಿದ್ದರೆ ‘ಓನ್ಲಿ’ ರೂಢಿಯ ಜಾಗದಲ್ಲಿದ್ದರೂ ಅಡ್ಡಿಯಿಲ್ಲ ಎಂದು ವಾದಿಸಿದರು. ‘ಅವರು ತೀರಿಕೊಂಡು ಒಂದು ವಾರವಷ್ಟೇ ಆಯಿತು’ ಎನ್ನಲು ಇಂಗ್ಲಿಷಿನವರು ‘ಹಿ ಓನ್ಲಿ ಡೈಡ್ ಎ ವೀಕ್ ಅಗೋ’ ಎನ್ನುತ್ತಾರೆ. ನಿಯಮದ ಕನ್ನಡಕದಲ್ಲಿ ನೋಡಿದರೆ ‘ಸತ್ತರಷ್ಟೆ’ ಎಂದಾಗುತ್ತದೆ. ಆದರೆ ಯಾರಿಗೂ ಗೊಂದಲವಾಗುವುದಿಲ್ಲ. ಅಂದಮೇಲೆ, ‘ಓನ್ಲಿ’ಯನ್ನು ನಿಯಮ ಬಿಟ್ಟು ಆಡುವವರು ಗುಮಟಾಪುರದವರೊಬ್ಬರೇ ಅಲ್ಲ.

ನಮ್ಮ ಭಾಷೆಗಳಲ್ಲಿ ಈ ತೊಡಕಿಲ್ಲ. ‘ಏ’ ತಾನು ಒತ್ತಿಹೇಳಬೇಕಾದ ಪದದ ಬೆನ್ನಿಗೆ ಅಂಟಿಕೊಳ್ಳುತ್ತದೆ. ಮೇಷ್ಟ್ರೇ, ತಾಳವಾಡಿಯಲ್ಲೇ, ಕನ್ನಡವನ್ನೇ: ಎಲ್ಲಿ ಅಂಟಿತೋ ಅಲ್ಲಿ ಅರ್ಥ ನಿಂತಿತು. ಕನ್ನಡ ವ್ಯಾಕರಣದಲ್ಲಿ ಇದಕ್ಕೆ ಅವಧಾರಣೆ ಎಂದು ಹೆಸರು. ತಮಿಳಿನ ಪ್ರಾಚೀನ ವ್ಯಾಕರಣವಾದ ತೊಲ್ಕಾಪ್ಪಿಯಂ ಇದೇ ‘ಏ’ಕಾರಕ್ಕೆ ಐದು ಬಳಕೆಗಳನ್ನು ಹೇಳುತ್ತದೆ. ಅವುಗಳಲ್ಲಿ ಎರಡು ನಮ್ಮ ಕೆಲಸಕ್ಕೆ ಬೇಕಾದವು. ಒಂದು, ನಿಶ್ಚಯ, ಇನ್ನೊಂದು, ಬೇರ್ಪಡಿಸುವುದು. ‘ಇದು ನನ್ನ ಊರೇ’ ಎಂಬಲ್ಲಿ ಇರುವುದು ನಿಶ್ಚಯ. ‘ಅವನೇ ಬರಲಿ’ ಎಂದು ಬಿಗಿಯಾಗಿ ಹೇಳಿದರೆ ಉಳಿದವರು ಬೇರ್ಪಟ್ಟರು. ಒಂದು ಬೇರು ಬಿಡುವ ‘ಏ’, ಇನ್ನೊಂದು ಬೇಲಿ ಹಾಕುವ ‘ಏ’.

ಬೇಲಿಯ ಕೆಲಸವನ್ನು ಸ್ಪಷ್ಟವಾಗಿ ಮಾಡಲು ನಮಗೆ ಬೇರೆ ಪದಗಳೂ ಇವೆ. ‘ಮಾತ್ರ’ ಎಂದರೆ ಸಂಸ್ಕೃತದಲ್ಲಿ ಅಳತೆ. ವೈದ್ಯರು ಕೊಡುವ ಮಾತ್ರೆ, ಛಂದಸ್ಸಿನ ಮಾತ್ರೆ ಎರಡೂ ಅದರ ಬಳಗವೇ. ಮಲಯಾಳದ ‘ಮಾತ್ರಂ’ ಕೂಡ ಅದೇ. ತಮಿಳಿನ ‘ಮಟ್ಟುಂ’ ಎಂಬುದರಲ್ಲಿರುವುದು ‘ನನ್ನ ಮಟ್ಟಿಗೆ’ ಎಂದು ನಾವು ಹೇಳುವಾಗಿನ ಮಟ್ಟ, ಅಂದರೆ ಮಿತಿ. ಹೀಗೆ ಅಳೆದು, ಮಿತಿ ಹಾಕಿ, ಇಷ್ಟಕ್ಕೇ ನಿಲ್ಲಿಸುವ ಪದಗಳಿವು. ಬ್ಯಾಂಕಿನ ಚೆಕ್ಕಿನಲ್ಲಿ ‘ನೂರು ರೂಪಾಯಿ ಮಾತ್ರ’ ಎಂದು ಬರೆಯುತ್ತೇವಲ್ಲ, ಆ ‘ಮಾತ್ರ’ ಬೇಲಿ. ಆಚೆ ಯಾರೂ ಒಂದು ಅಂಕಿಯನ್ನೂ ಸೇರಿಸಬಾರದು. ಹಣಕ್ಕೆ ಆ ಬೇಲಿ ಬೇಕು. ಮನುಷ್ಯರಿಗೆ ಬೇಕೇ ಎಂಬುದು ಮುಂದಿನ ಪ್ರಶ್ನೆ.

ಇಂಗ್ಲಿಷಿನ ‘ಓನ್ಲಿ’ ಹೆಚ್ಚಾಗಿ ಬೇಲಿಯ ಪದ. ನಾವು ಅದಕ್ಕೆ ಬೇರಿನ ಅರ್ಥವನ್ನೂ ತುಂಬಿದ್ದೇವೆ. ಈ ಎರಡು ಅರ್ಥಗಳ ನಡುವೆ ನಮ್ಮ ಗಡಿನಾಡುಗಳ ಚರಿತ್ರೆಯೂ ನಡೆದುಬಂದಿದೆ.

ಕಾಸರಗೋಡಿನವರಿಗೂ ತಾಳವಾಡಿಯವರಿಗೂ ಇರುವ ನಂಟು ಹಳೆಯದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ಮೇಲೆ ಅವನ ರಾಜ್ಯವನ್ನು ಹಂಚಿದರು. ಮಧ್ಯದ ಭಾಗ ಮೈಸೂರಿನ ಒಡೆಯರಿಗೆ ಉಳಿಯಿತು. ಪಶ್ಚಿಮದ ಕೆನರಾ ಸೀಮೆಯೂ ತೆಂಕಣದ ಕೊಯಮತ್ತೂರು ಸೀಮೆಯೂ ಈಸ್ಟ್ ಇಂಡಿಯಾ ಕಂಪನಿಯ ಪಾಲಾದವು. ಹೀಗೆ ಒಂದೇ ಹಂಚಿಕೆಯಲ್ಲಿ ನಾವಿಬ್ಬರೂ ಮದರಾಸಿನ ಕೈಕೆಳಗೆ ಬಂದೆವು. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕಾಗಿ, ತಾಳವಾಡಿಯ ಕಡೆಯ ಹಳ್ಳಿಗಳು ಕೊಯಮತ್ತೂರು ಜಿಲ್ಲೆಯಲ್ಲಿ ಸೇರಿಕೊಂಡು ಒಂದೂವರೆ ಶತಮಾನ ಕಳೆದವು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಹೋಯಿತು. ಅದರ ನೆರೆಯ ತಾಳವಾಡಿ ಮದರಾಸಿನಲ್ಲೇ ಉಳಿಯಿತು. ದಕ್ಷಿಣ ಕನ್ನಡ ಮೈಸೂರಿಗೆ ಸೇರಿತು. ಅದರ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ಗುಮಟಾಪುರದ ಮನೆಗಳಲ್ಲಿ ಯಾರೂ ಗಂಟುಮೂಟೆ ಕಟ್ಟಲಿಲ್ಲ. ಬೀರೇಶ್ವರನೂ ಎದ್ದು ಹೋಗಲಿಲ್ಲ. ಮುಂದೆ ಹೆಸರುಗಳು ಬದಲಾಗುತ್ತಲೇ ಹೋದವು: 1969ರಲ್ಲಿ ಮದರಾಸು ರಾಜ್ಯ ತಮಿಳುನಾಡಾಯಿತು, 1979ರಲ್ಲಿ ಕೊಯಮತ್ತೂರಿನಿಂದ ಪೆರಿಯಾರ್ ಜಿಲ್ಲೆ ಬೇರೆಯಾಯಿತು, ಬಳಿಕ ಅದೇ ಈರೋಡ್ ಜಿಲ್ಲೆ ಎನಿಸಿಕೊಂಡಿತು. ಜಿಲ್ಲೆ, ರಾಜ್ಯ, ಮೊಹರು, ರಸೀದಿ ಎಲ್ಲ ಬದಲಾದರೂ ‘ಯಾವೂರು?’ ಎಂದರೆ ಉತ್ತರ ಮಾತ್ರ ‘ಇಲ್ಲೇ’. ಎರಡು ಸರಕಾರಿ ಭಾಷೆಗಳ ಅಂಚಿನಲ್ಲಿ ನಿಂತವನು ‘ನಾನು ವಲಸೆ ಬಂದವನಲ್ಲ, ಗೆರೆ ನನ್ನ ಮೇಲೆ ಹಾದುಹೋಯಿತು’ ಎಂಬ ಇಡೀ ಚರಿತ್ರೆಯನ್ನು ಹೇಳಲು ಬಳಸುವ ಅತಿ ಚಿಕ್ಕ ಸಾಧನ ಆ ‘ಏ’.

ಇನ್ನು ಬೇಲಿಯ ‘ಓನ್ಲಿ’ಯ ಕಡೆಗೆ ಬರೋಣ. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 29ನೇ ವಿಧಿಯ ಎರಡನೇ ಖಂಡದಲ್ಲಿ ಈ ಪದ ಕುಳಿತಿದೆ. ಸರಕಾರ ನಡೆಸುವ ಅಥವಾ ಸರಕಾರದ ಹಣ ಪಡೆಯುವ ಶಾಲೆ ಕಾಲೇಜುಗಳಲ್ಲಿ ಕೇವಲ ಧರ್ಮ, ಜನಾಂಗ, ಜಾತಿ, ಭಾಷೆ ಇವುಗಳ ಕಾರಣಕ್ಕಾಗಿ ಯಾವ ಪ್ರಜೆಗೂ ಪ್ರವೇಶ ನಿರಾಕರಿಸಬಾರದು ಎಂಬುದು ಅದರ ಸಾರ. ಆ ‘ಕೇವಲ’ವೇ ಇಂಗ್ಲಿಷ್ ಪಾಠದ ‘ಓನ್ಲಿ’. ಓದುವಾಗ ಇದೊಂದು ರಕ್ಷೆ ಎನಿಸುತ್ತದೆ, ರಕ್ಷೆಯೂ ಹೌದು. ಆದರೆ ಸಂದಿಯೂ ಹೌದು. ‘ಕೇವಲ ಭಾಷೆಯ ಕಾರಣಕ್ಕಲ್ಲ, ಭಾಷೆಯ ಜೊತೆಗೆ ಇನ್ನೊಂದು ಕಾರಣವೂ ಇತ್ತು’ ಎಂದುಬಿಟ್ಟರೆ?

ಆ ಪರೀಕ್ಷೆ ಬೇಗನೆ ಬಂತು. ಬಂದದ್ದೂ ನಮ್ಮದೇ ಮದರಾಸು ರಾಜ್ಯದಿಂದ. ಅಲ್ಲಿಯ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರತಿ 14 ಸ್ಥಾನಗಳನ್ನು ಸಮುದಾಯವಾರು ಹಂಚುವ ಸರಕಾರಿ ಆಜ್ಞೆಯೊಂದಿತ್ತು. ಚಂಪಕಂ ದೊರೈರಾಜನ್ ಮೊಕದ್ದಮೆಯಲ್ಲಿ 1951ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆಜ್ಞೆಯನ್ನು ರದ್ದುಮಾಡಿತು. ಅರ್ಜಿದಾರನಿಗೆ ಪ್ರವೇಶ ತಪ್ಪಿದ್ದು ಅವನ ಜಾತಿಯಿಂದಲೇ ಹೊರತು ಬೇರೆ ಕಾರಣದಿಂದಲ್ಲ ಎಂದು ಅದು ಕಂಡುಕೊಂಡಿತು. ಆದರೆ ಹಿಂದುಳಿದವರಿಗೆ ಬಾಗಿಲು ತೆರೆಯುವುದೂ ನ್ಯಾಯವೇ. ಆದ್ದರಿಂದ ಅದೇ ವರ್ಷದ ಜೂನ್‌ನಲ್ಲಿ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು, ಹಿಂದುಳಿದ ವರ್ಗಗಳಿಗಾಗಿ ವಿಶೇಷ ಏರ್ಪಾಡು ಮಾಡಲು 29ನೇ ವಿಧಿಯ ಆ ಖಂಡ ಅಡ್ಡಿಯಾಗದೆಂದು ಸೇರಿಸಿದರು. ಸಂವಿಧಾನಕ್ಕೆ ಒಂದೂವರೆ ವರ್ಷ ತುಂಬುವ ಮೊದಲೇ ಈ ‘ಓನ್ಲಿ’ ಇದ್ದ ಖಂಡದ ಜೊತೆಗೆ ಇನ್ನೊಂದು ಮಾತನ್ನು ಕೂಡಿಸಬೇಕಾಗಿ ಬಂತು.

ಭಾಷೆಯ ಸರದಿ 1954ರಲ್ಲಿ. ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೆ ಆಂಗ್ಲೋ ಇಂಡಿಯನ್ನರನ್ನೂ ಏಷ್ಯಾ ಮೂಲದವರಲ್ಲದವರನ್ನೂ ಬಿಟ್ಟು ಬೇರೆಯವರನ್ನು ಸೇರಿಸಬಾರದೆಂದು ಮುಂಬಯಿ ಸರಕಾರ ಆ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ‘ಇದು ಕೇವಲ ಭಾಷೆಯ ಕಾರಣಕ್ಕೆ ಮಾಡಿದ್ದಲ್ಲ, ದೇಶಭಾಷೆ ಬೆಳೆಯಲಿ ಎಂಬ ಒಳ್ಳೆಯ ಉದ್ದೇಶದಿಂದ ಮಾಡಿದ್ದು’ ಎಂಬುದು ಸರಕಾರದ ವಾದವಾಗಿತ್ತು. ಸರ್ವೋಚ್ಚ ನ್ಯಾಯಾಲಯ ಮೇ ತಿಂಗಳಲ್ಲಿ ಅದನ್ನು ತಳ್ಳಿಹಾಕಿತು. ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಮಗುವಿನ ಮುಂದೆ ಬಾಗಿಲು ಮುಚ್ಚಿದ ನೇರ ಕಾರಣ ಯಾವುದು ಎಂಬುದನ್ನೇ ನೋಡಬೇಕು ಎಂಬುದು ಆ ತೀರ್ಪಿನ ತಿರುಳು. ಗಡಿನಾಡಿನ ತಂದೆತಾಯಿಗಳು ಈ ತೀರ್ಪನ್ನು ನೆನಪಿಡಬೇಕು. ಭಾಷೆಯ ವಿಷಯದಲ್ಲಿ ನಮಗೆ ತೊಂದರೆ ಕೊಟ್ಟ ಯಾವ ಆಜ್ಞೆಯೂ ಕೆಟ್ಟ ಉದ್ದೇಶವನ್ನು ಹೇಳಿಕೊಂಡು ಬಂದದ್ದಿಲ್ಲ.

ಇದೇ ಕಾಲದಲ್ಲಿ ಇನ್ನೊಂದು ಬಗೆಯ ಮಾತೂ ದೇಶದಲ್ಲಿ ನಡೆದಿತ್ತು. 1949ರ ಆಗಸ್ಟ್‌ನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನವು, ಇಡೀ ಶಾಲೆಯಲ್ಲಿ 40 ಮಕ್ಕಳಾದರೂ ಒಂದು ತರಗತಿಯಲ್ಲಿ 10 ಮಕ್ಕಳಾದರೂ ಬೇರೆ ಮಾತೃಭಾಷೆಯವರಿದ್ದರೆ ಆ ಭಾಷೆಯಲ್ಲಿ ಕಲಿಸಲು ಒಬ್ಬ ಶಿಕ್ಷಕರನ್ನು ಕೊಡಬೇಕೆಂದು ಒಪ್ಪಿತು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು ಎಂದಿತು. ಗಮನಿಸಿ, ಇಲ್ಲೆಲ್ಲೂ ‘ಮಾತ್ರ’ ಇಲ್ಲ. ‘ಆದರೂ’, ‘ಸಾಕಷ್ಟು’ ಎಂಬ ಜಾಗ ಬಿಡುವ ಮಾತುಗಳಿವೆ. ನಮ್ಮ ಶಾಲೆಗಳು ಬದುಕಿದ್ದು ಇಂಥ ಮಾತುಗಳ ನೆರಳಿನಲ್ಲಿ.

ತಮಿಳುನಾಡಿನಲ್ಲಿ ಕನ್ನಡದ ಮಕ್ಕಳು ಬಹುಕಾಲ ತಮ್ಮ ನುಡಿಯನ್ನೇ ಮೊದಲ ಭಾಗದ ಭಾಷೆಯಾಗಿ ಕಲಿಯಬಹುದಿತ್ತು. 2006ರ ತಮಿಳು ಕಲಿಕೆಯ ಕಾನೂನು ಆ ಜಾಗವನ್ನು ತಮಿಳಿಗಷ್ಟೇ ಮೀಸಲಿಟ್ಟಿತು. 2006-07ರಲ್ಲಿ ಒಂದನೇ ತರಗತಿಯಿಂದ ಆರಂಭಿಸಿ ವರ್ಷಕ್ಕೊಂದು ತರಗತಿಯಂತೆ ಮೇಲೇರಿ 2015-16ರಲ್ಲಿ ಅದು ಹತ್ತನೇ ತರಗತಿಯನ್ನು ಮುಟ್ಟಿತು. ಮೊದಲ ಭಾಗ ತಮಿಳು, ಎರಡನೆಯದು ಇಂಗ್ಲಿಷ್, ಮೂರನೆಯದು ಉಳಿದ ವಿಷಯಗಳು. ಮನೆಮಾತು ಬೇರೆಯಾದವರಿಗೆ ಆ ಮಾತು ನಾಲ್ಕನೆಯ ಭಾಗದಲ್ಲಿ, ಬೇಕಾದರೆ ಕಲಿಯುವ ವಿಷಯ. ಮೊದಲ ಮಣೆಯಲ್ಲಿ ಕುಳಿತಿದ್ದ ಕನ್ನಡ ಪಂಕ್ತಿಯ ಕೊನೆಗೆ ಸರಿಯಿತು. ಅಲ್ಪಸಂಖ್ಯಾತರು ನ್ಯಾಯಾಲಯದ ಮೆಟ್ಟಿಲೇರಿ ಹತ್ತನೇ ತರಗತಿಯ ಪರೀಕ್ಷೆಗೆ ವಿನಾಯಿತಿ ಪಡೆಯಬೇಕಾಯಿತು. 2023ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಮತ್ತೊಂದು ವರ್ಷಕ್ಕೆ ವಿಸ್ತರಿಸಿತು. 2017ರಲ್ಲಿ ಕೇರಳವು ಮಲಯಾಳ ಕಲಿಕೆಯ ಕಾನೂನು ತಂದಾಗ ಕಾಸರಗೋಡಿನಲ್ಲಿ ಎದ್ದ ಆತಂಕ ಈ ಪುಟಗಳ ಓದುಗರಿಗೆ ಹೊಸದಾಗಿ ಹೇಳಬೇಕಾದದ್ದಲ್ಲ.

ಇಲ್ಲಿಗೆ ನಿಲ್ಲಿಸಿದರೆ ಬರಹ ಸುಲಭವಾಗುತ್ತದೆ. ನೆರೆಯವರದು ತಪ್ಪು, ನಮ್ಮದು ಸರಿ ಎಂದು ಮುಗಿಸಬಹುದು. ಆದರೆ ಚರಿತ್ರೆ ನಮ್ಮ ಕಡೆಗೂ ಕನ್ನಡಿ ಹಿಡಿಯುತ್ತದೆ. 1981ರಲ್ಲಿ ವಿ. ಕೃ. ಗೋಕಾಕರ ಸಮಿತಿಯ ವರದಿ ಬಂತು. ಪ್ರೌಢಶಾಲೆಯಲ್ಲಿ ಕನ್ನಡವು ಏಕೈಕ ಪ್ರಥಮ ಭಾಷೆಯಾಗಬೇಕು ಎಂಬುದು ಅದರ ಮುಖ್ಯ ಶಿಫಾರಸು. ಅದನ್ನು ಜಾರಿಗೆ ತರಲು ಎದ್ದ ಚಳವಳಿಗೆ 1982ರಲ್ಲಿ ನಾಡನ್ನೇ ಎಬ್ಬಿಸುವ ಬಲ ಬಂದದ್ದು ಡಾ. ರಾಜ್‌ಕುಮಾರ್ ಮುಂದೆ ನಿಂತಾಗ. ಆ ರಾಜ್‌ಕುಮಾರ್ ಎಲ್ಲಿಯವರು? ತಾಳವಾಡಿಯ ಗಾಜನೂರಿನವರು! ಗುಮಟಾಪುರದ ಸೀಮೆಯವರೇ.

ನ್ಯಾಯವಾದ ಕೂಗದು. ಸ್ವಂತ ರಾಜ್ಯದಲ್ಲಿ ಕನ್ನಡಕ್ಕೆ ಸಿಗಬೇಕಾದ ಮಣೆ ಸಿಕ್ಕಿರಲಿಲ್ಲ. ಅದರಿಂದ ನಮಗೆಲ್ಲ ಹೆಮ್ಮೆಯೂ ಆಯಿತು. ಆದರೆ ‘ಏಕೈಕ’ ಎಂಬುದು ಯಾವ ಪದ? ಬೇಲಿಯ ‘ಓನ್ಲಿ’ಯೇ ಅಲ್ಲವೇ? ಸರಕಾರ ಹೊರಡಿಸಿದ ಆಜ್ಞೆಯನ್ನು ಕರ್ನಾಟಕದಲ್ಲಿರುವ ಭಾಷಾ ಅಲ್ಪಸಂಖ್ಯಾತರು ಪ್ರಶ್ನಿಸಿದರು. ಕನ್ನಡವೊಂದನ್ನೇ ಪ್ರಥಮ ಭಾಷೆಯಾಗಿ ಕಲಿಯಲೇಬೇಕೆಂಬ ಕಟ್ಟನ್ನು 1989ರಲ್ಲಿ ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ ಒಪ್ಪಲಿಲ್ಲ. ಸಮಾನತೆಯನ್ನೂ ಅಲ್ಪಸಂಖ್ಯಾತರ ಹಕ್ಕುಗಳನ್ನೂ ಕಾಯುವ ಸಂವಿಧಾನದ ವಿಧಿಗಳೇ ಅಲ್ಲಿ ಆಧಾರವಾದವು. ನಾವು ತಾಳವಾಡಿಯಲ್ಲೂ ಮಂಜೇಶ್ವರದಲ್ಲೂ ಯಾವ ವಿಧಿಗಳ ನೆರಳಿನಲ್ಲಿ ನಿಂತು ಕನ್ನಡ ಉಳಿಸಿ ಎನ್ನುತ್ತೇವೆಯೋ ಅವೇ ವಿಧಿಗಳು ಬೆಂಗಳೂರಿನ ತಮಿಳು, ಉರ್ದು ಮಕ್ಕಳಿಗೂ ನೆರಳಾದವು.

ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ, ಅರಿತುಕೊಳ್ಳುವಂಥದ್ದಿದೆ. ಹೊಳೆಯ ಆ ದಡದಲ್ಲಿ ‘ಕನ್ನಡ ಮಾತ್ರ’ ಎನ್ನುವವನು ಈ ದಡಕ್ಕೆ ಬಂದೊಡನೆ ‘ಕನ್ನಡವೂ’ ಎನ್ನಬೇಕಾಗುತ್ತದೆ. ದಡ ಬದಲಾದರೆ ಕ್ರಿಯಾವಿಶೇಷಣ ಬದಲಾಗುತ್ತದೆ. ನಿಂತ ನೆಲದಲ್ಲಿ ಬಹುಸಂಖ್ಯಾತನಾದವನಿಗೆ ‘ಮಾತ್ರ’ ಸಿಹಿಯಾಗಿ ಕೇಳುತ್ತದೆ. ಅದೇ ಪದ ಗೆರೆಯಾಚೆಗಿನ ತನ್ನವನ ಗಂಟಲು ಕಟ್ಟುತ್ತದೆ ಎಂಬುದು ಅವನಿಗೆ ತಟ್ಟನೆ ಹೊಳೆಯುವುದಿಲ್ಲ. ಗಡಿಯವರಾದ ನಮಗೆ ಹೊಳೆಯಬೇಕು. ಎರಡೂ ದಡಗಳನ್ನು ಕಂಡವರು ನಾವೇ ಅಲ್ಲವೇ?

‘ಕೇವಲ’ ಎಂಬ ಪದವನ್ನು ಒಮ್ಮೆ ನೆನೆಯಿರಿ. ಸಂವಿಧಾನದ ‘ಓನ್ಲಿ’ಗೆ ಕನ್ನಡದಲ್ಲಿ ನಾವು ಸಹಜವಾಗಿ ಹೇಳುವ ಪದವದು. ಅದರಿಂದಲೇ ‘ಕೈವಲ್ಯ’ ಹುಟ್ಟಿತು. ಬಿಡುಗಡೆಯ ಪರಮ ಸ್ಥಿತಿ. ಅದೇ ಪದದಿಂದ ‘ಕೇವಲವಾಗಿ ಕಾಣು’ ಎಂಬ ಮಾತೂ ಬಂತು. ಅಂದರೆ ಹಗುರಾಗಿ, ತುಚ್ಛವಾಗಿ ಕಾಣು. ತಾನೊಂದೇ ಎಂದು ಹೊರಟದ್ದು ಎತ್ತರಕ್ಕೂ ಹೋಗಬಲ್ಲದು, ಇನ್ನೊಬ್ಬರನ್ನು ಕೇವಲವಾಗಿ ಕಾಣುವ ಮಟ್ಟಕ್ಕೂ ಇಳಿಯಬಲ್ಲದು. ಭಾಷೆಯ ಅಭಿಮಾನಕ್ಕೂ ಇದೇ ಎರಡು ದಾರಿ.

ಮತ್ತೆ ಗುಮಟಾಪುರಕ್ಕೆ ಹೋಗೋಣ. ಆ ಹುಡುಗ ‘ಹಿಯರ್ ಓನ್ಲಿ’ ಎಂದಾಗ ಅವನ ನಾಲಗೆಯಲ್ಲಿದ್ದುದು ಬೇಲಿಯಲ್ಲ, ಬೇರು. ‘ನಾನು ಇಲ್ಲಿಯವನೇ’ ಎಂದನೇ ಹೊರತು ‘ಇಲ್ಲಿಯವನು ನಾನು ಮಾತ್ರ’ ಎನ್ನಲಿಲ್ಲ. ಅವನ ನೆರೆಯ ತಮಿಳಿನ ಗೆಳೆಯನೂ ‘ಇಂಗೇದಾನ್’ ಎನ್ನಬಹುದು. ಇಬ್ಬರ ಮಾತೂ ನಿಜವಾಗಬಹುದು. ಒಂದು ಊರಿನಲ್ಲಿ ಎಷ್ಟು ‘ಇಲ್ಲೇ’ಗಳಿದ್ದರೂ ಒಂದಕ್ಕೊಂದು ತಾಗುವುದಿಲ್ಲ. ಆದರೆ ಎರಡು ‘ಮಾತ್ರ’ಗಳು ಒಂದು ಊರಿನಲ್ಲಿ ಇರಲಾರವು, ಒಂದು ಇನ್ನೊಂದನ್ನು ಹೊರಗೆ ಹಾಕಲೇಬೇಕು.

ಅವನ ಇಂಗ್ಲಿಷನ್ನು ಮೇಷ್ಟ್ರು ತಿದ್ದಲಿ, ಬೇಡವೆನ್ನುವುದಿಲ್ಲ. ಪರೀಕ್ಷೆಯಲ್ಲಿ ಅಂಕ ಹೋಗಬಾರದು. ತಿದ್ದುವಾಗ ‘ನೀನು ಹೇಳಹೊರಟದ್ದು ಸರಿ, ಇಂಗ್ಲಿಷಿನಲ್ಲಿ ಅದಕ್ಕೆ ಈ ಪದವಲ್ಲ’ ಎಂದು ಹೇಳಿದರೆ ಸಾಕು. ಹುಡುಗ ತಮಿಳನ್ನು ಚೆನ್ನಾಗಿ ಕಲಿಯಲಿ, ನಮ್ಮ ಮಕ್ಕಳು ಮಲಯಾಳವನ್ನು ಚೆನ್ನಾಗಿ ಕಲಿಯಲಿ. ನೆಲದ ನುಡಿ ಬಲ್ಲವನಿಗೆ ಅಂಗಡಿ, ಕಚೇರಿ, ಗೆಳೆತನ ಎಲ್ಲ ಸುಲಭ. ನಾವು ಕೇಳುವುದು ಅದರ ಜೊತೆಗೆ ಸೇರುವ ಒಂದು ಅಕ್ಷರವನ್ನು: ಕನ್ನಡವೂ. ಸರಕಾರದ ಆಜ್ಞೆಗಳಲ್ಲಿ ಆ ‘ಊ’ ಉಳಿಯಬೇಕು. ನಮ್ಮ ಮನೆಗಳ ಊಟದ ಹೊತ್ತಿನ ಮಾತಿನಲ್ಲಿ ‘ಏ’ ಉಳಿಯಬೇಕು. ಮೊದಲನೆಯದನ್ನು ಕೇಳಿ ಪಡೆಯಬೇಕು, ಬೇಕಾದರೆ ನ್ಯಾಯಾಲಯಕ್ಕೂ ಹೋಗಬೇಕು. ಎರಡನೆಯದನ್ನು ಯಾವ ನ್ಯಾಯಾಲಯವೂ ಕೊಡಲಾರದು. ಮಕ್ಕಳೊಂದಿಗೆ ಕನ್ನಡದಲ್ಲೇ ಮಾತಾಡಿ ನಾವೇ ಉಳಿಸಬೇಕು.

‘ಒಂದೇ’ ಎಂಬ ನಮ್ಮ ಮಾತಿನಲ್ಲೂ ಇಂಗ್ಲಿಷಿನ ‘ಓನ್ಲಿ’ಯಂತೆಯೇ ‘ಒಂದು’ ಇದೆ ಎಂದು ಮೊದಲಲ್ಲಿ ಹೇಳಿದೆ. ಆದರೆ ‘ನಾವೆಲ್ಲ ಒಂದೇ’ ಎಂದಾಗ ಅದು ಯಾರನ್ನೂ ಹೊರಗಿಡುವುದಿಲ್ಲ, ಎಲ್ಲರನ್ನೂ ಒಳಗೆ ಕರೆಯುತ್ತದೆ. ಗೊರೆ ಹಬ್ಬದ ದಿನ ಮೈತುಂಬ ಸಗಣಿ ಮೆತ್ತಿಕೊಂಡು ನಿಂತವರಲ್ಲಿ ಯಾರ ಮನೆಮಾತು ಯಾವುದೆಂದು ನೋಡಿ ಹೇಳಲಾಗದು. ಕೇಳಿದರೆ ಅಷ್ಟೂ ಜನರಿಂದ ಬರುವ ಉತ್ತರ ಅದೇ: ಇಲ್ಲೇ.